ಅನುಕೂಲ ಆದಾಗ ಬರ್ರಿ

ಆ ದಿನ ಬೆಳಿಗ್ಗೆ ತ್ಯಾವಣಿಗೆಗೆ ಒಬ್ಬ ಬಾಣಂತಿಯನ್ನು ಬಿಟ್ಟೆ, ಮಧ್ಯಾಹ್ನ ನಲ್ಲೂರಿಗೆ ಇನ್ನೊಬ್ಬಳನ್ನು. ಹೆರಿಗೆಯಾದವರನ್ನೂ ಅವರ ಕೂಸುಗಳನ್ನೂ ಆಸ್ಪತ್ರೆಯಿಂದ ಮನೆ ಬಾಗಿಲಿಗೆ ಮುಟ್ಟಿಸುವ ಸರ್ಕಾರಿ ಗಾಡಿ ನನ್ನದು. ಬೇರೆ ಡ್ರೈವರುಗಳಿಗೆ ಬೇಗ ಮುಟ್ಟಿಸಿದರೆ ಹೆಸರು, ನನಗೆ ನಿಧಾನ ಹೋದರೆ. ಹೊಲಿಗೆ ಬಿದ್ದ ಹೆಣ್ಣುಮಗಳು ಹಿಂದೆ ಕೂತಿರುವಾಗ ರಸ್ತೆಯ ಒಂದೊಂದು ಗುಂಡಿಯೂ ಡ್ರೈವರನ ತಪ್ಪೇ. ನಲ್ಲೂರಿನಲ್ಲಿ ಆ ಮನೆಯವರು ಕೂಸಿಗೆ ಆರತಿ ಎತ್ತಿದ ಕೆಂಪು ನೀರನ್ನು ನನ್ನ ಗಾಡಿಯ ಟೈರಿಗೂ ಒಂದಿಷ್ಟು ಚೆಲ್ಲಿದರು. ಅದರ ಕಲೆ ಸಂಜೆಯವರೆಗೂ ಇತ್ತು.

ಸಂಜೆ ನ್ಯಾಮತಿಯ ಮನೆಗೆ ಬಂದಾಗ ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ನಾಲ್ಕು ವರ್ಷದ ಮಗಳು ಅಮ್ಮನ ಹೊಟ್ಟೆಗೆ ಕಿವಿ ಹಚ್ಚಿ, ಒಳಗಿರುವವರು ಮಾತಾಡುತ್ತಿಲ್ಲ ಎಂದು ನನಗೆ ದೂರು ಹೇಳಿದಳು. "ಮಲಗೈತೆ ಅದು. ನಿನ್ನಂಗೆ ಬಾಯಿಬಡುಕಿ ಅಲ್ಲ" ಎಂದು ಹೆಂಡತಿ ಅವಳ ಬಾಯಿಗೆ ಮಂಡಕ್ಕಿ ತುರುಕಿದಳು. ಮಾರನೆಯ ದಿನ ಸ್ಕ್ಯಾನಿಂಗ್ ಇತ್ತು. ಯಾವ ಸೀರೆ ಉಡಲಿ ಎಂದು ಕೇಳಿದಳು. ಆಸ್ಪತ್ರೆಗೆ ಯಾವುದಾದರೇನು ಎಂದೆ. ಅಷ್ಟೇ. ಆ ಸಂಜೆ ಬೇರೇನೂ ನಡೆಯಲಿಲ್ಲ.

ಮರುದಿನ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಮೊದಮೊದಲು ಮಾತಾಡುತ್ತಿದ್ದವರು ಒಮ್ಮೆಲೇ ಮಾತು ನಿಲ್ಲಿಸಿದರು. ಮಗುವಿನ ಹೊಟ್ಟೆಯಲ್ಲಿ, ಎದೆಯ ಸುತ್ತ, ಚರ್ಮದ ಕೆಳಗೆ ನೀರು ತುಂಬಿದೆ, ಅದರ ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿದೆ ಎಂದರು. ಅಂದೇ ದಾವಣಗೆರೆಗೆ ಹೋಗಿ ಎಂದರು. ಸೊಕ್ಕೆಯಿಂದ ನನ್ನ ಮಾವನೂ ನೇರವಾಗಿ ಅಲ್ಲಿಗೇ ಬಂದ. ಕುರಿ ಸಾಕುವ ಮನುಷ್ಯ, ಮಾತು ಕಡಿಮೆ.

ಅಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದು ನನ್ನ ಹೆಂಡತಿಯ ರಕ್ತದ ಗುಂಪು. ಬಿ ನೆಗೆಟಿವ್ ಎಂದೆವು. ನನ್ನದು ಪಾಸಿಟಿವ್, ಮಗಳದೂ ಪಾಸಿಟಿವ್. ಮೊದಲ ಹೆರಿಗೆಯಾದ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರಾ ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಅವಳಪ್ಪನ ಮುಖ ನೋಡಿದಳು.

ಮೊದಲ ಹೆರಿಗೆ ತವರಿನದು. ನಮ್ಮಲ್ಲಿ ಅದು ಕೇಳುವ ಮಾತೇ ಅಲ್ಲ. ಜಗಳೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಆಯಿತು. ಯಾವುದೆಂದು ಬರೆಯುವುದಿಲ್ಲ. ಆಗ ನಾನು ಟಿಪ್ಪರ್ ಓಡಿಸುತ್ತಿದ್ದೆ, ಗಂಡ ಹೋಗಿ ಕೂಸು ನೋಡುವ ದಿನ ಇನ್ನೂ ಬಂದಿರಲಿಲ್ಲ. ಕೂಸಿನ ರಕ್ತ ಪಾಸಿಟಿವ್ ಬಂದಿದೆ, ಒಂದು ಇಂಜೆಕ್ಷನ್ ಬಾಕಿ ಇದೆ, ಸದ್ಯ ಸ್ಟಾಕ್ ಇಲ್ಲ ಎಂದು ಅಲ್ಲಿಯವರು ಹೇಳಿದ್ದರು. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹಸಿ ಬಾಣಂತಿಯನ್ನು ದಾರಿಯ ಮೇಲೆ ತರುವುದಿಲ್ಲ, ಹೊಸ್ತಿಲನ್ನೂ ದಾಟಿಸುವುದಿಲ್ಲ. ಅದಕ್ಕೇ ಹಿಂದಿನ ದಿನವೇ ಕರೆದುಕೊಂಡು ಹೋದರು. ಹೋಗುವಾಗ ಯಾರೋ ಹೇಳಿದ ಮಾತನ್ನು ನನ್ನ ಹೆಂಡತಿ ಡಾಕ್ಟರಮ್ಮನ ಮುಂದೆ ಹಾಗೆಯೇ ಒಪ್ಪಿಸಿದಳು.

"ಅನುಕೂಲ ಆದಾಗ ಬರ್ರಿ ಅಂದಿದ್ರು ಮೇಡಂ."

ಅವರು ಹೋಗಿಯೂ ಇದ್ದರು. ಹನ್ನೊಂದನೆಯ ದಿನದ ಪುರುಡು ಕಳೆದು, ಕೂಸಿಗೆ ಹೆಸರಿಟ್ಟು, ಮನೆ ತೊಳೆದಾದ ಮೇಲೆ ಅನುಕೂಲವಾಯಿತು, ಆಗ ಹೋದರು. ಕಿಟಕಿಯ ಹಿಂದಿದ್ದವರು ಹೆರಿಗೆಯ ದಿನ ಕೇಳಿ, ಇನ್ನು ಬೇಕಾಗಿಲ್ಲ, ಹೋಗಿ ಎಂದರು. ಅತ್ತೆ ಖುಷಿಪಟ್ಟಿದ್ದಳಂತೆ. ಮಗಳಿಗೆ ಒಂದು ಸೂಜಿ ಚುಚ್ಚುವುದು ತಪ್ಪಿತಲ್ಲ ಎಂದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ನಮಗೆ ತಿಳಿಯುವ ಹಾಗೆ ಹೇಳಿದರು. ನಾಲ್ಕು ವರ್ಷದ ಹಿಂದೆ ಯಾರಾದರೂ ಒಬ್ಬರು ಇಷ್ಟೇ ಸಮಯ ತೆಗೆದುಕೊಂಡು ಇದನ್ನೇ ಹೇಳಿದ್ದರೆ ಸಾಕಿತ್ತು.

ಪಾಸಿಟಿವ್ ರಕ್ತದ ಕಣಗಳ ಮೇಲೆ ಒಂದು ಗುರುತು ಇರುತ್ತದೆ. ನನ್ನ ಹೆಂಡತಿಯ ರಕ್ತದಲ್ಲಿ ಆ ಗುರುತು ಇಲ್ಲ. ಹೆರಿಗೆಯಲ್ಲಿ ಮಗಳ ರಕ್ತ ಸ್ವಲ್ಪ ತಾಯಿಯ ಮೈಗೆ ಸೇರಿತು. ಮೈಯೊಳಗೆ ಕಾವಲಿಗೆಂದೇ ಇರುವ ಬಿಳಿ ಕಣಗಳು ಆ ಗುರುತನ್ನು ಮೊದಲ ಸಲ ಕಂಡವು. ಹಿಂದೆ ಕಾಣದ ವಸ್ತು, ಹಾಗಾಗಿ ಪರಕೀಯ. ಅದಕ್ಕೆ ಸರಿಯಾಗಿ ಹೊಂದುವ ಆಯುಧ ತಯಾರಿಸಲು ಮೊದಲ ಸಲ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಮಗಳು ಹುಟ್ಟಿ ತೊಟ್ಟಿಲಲ್ಲಿದ್ದಳು, ಅವಳಿಗೇನೂ ಆಗಲಿಲ್ಲ. ಆದರೆ ಆಯುಧ ಮಾಡಲು ಕಲಿತ ಕಣಗಳಲ್ಲಿ ಕೆಲವು ಸಾಯುವುದಿಲ್ಲ. ಆ ಗುರುತಿನ ನೆನಪು ಇಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತವೆ. ಅದೇ ಗುರುತು ಎರಡನೇ ಸಲ ಕಂಡರೆ ವಾರಗಟ್ಟಲೆ ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಲೆಕ್ಕವಿಲ್ಲದಷ್ಟು ಆಯುಧ ತಯಾರಾಗುತ್ತದೆ, ಅದೂ ತಾಯಿ ಮಗುವನ್ನು ಕೂಡಿಸುವ ಮಾಸಿನ ಮೂಲಕ ಮಗುವಿನ ಮೈಗೆ ಇಳಿಯುವಷ್ಟು ಸಣ್ಣದು.

ಲಸಿಕೆ ಕೆಲಸ ಮಾಡುವುದೂ ಈ ನೆನಪಿನಿಂದಲೇ ಎಂದರು. ದಡಾರ ಒಮ್ಮೆ ಬಂದವರಿಗೆ ಮತ್ತೆ ಬಾರದಿರುವುದೂ ಇದರಿಂದಲೇ. ತಾಯಿ ತನಗೆ ಗೊತ್ತಿರುವ ರೋಗಗಳ ಆಯುಧವನ್ನೆಲ್ಲ ಹೊಟ್ಟೆಯಲ್ಲಿರುವ ಮಗುವಿಗೆ ಕಳಿಸುತ್ತಾಳೆ. ಹುಟ್ಟಿದ ಮೇಲೆ ಕೆಲವು ತಿಂಗಳು ಕೂಸು ಅದರ ಮೇಲೆಯೇ ಬದುಕುತ್ತದೆ. ಅದೇ ದಾರಿಯಲ್ಲಿ ಇದೂ ಇಳಿಯಿತು. ನನ್ನ ಹೆಂಡತಿಗೆ ಒಂದು ದಿನ ಜ್ವರ ಬಂದಿರಲಿಲ್ಲ, ತಲೆ ನೋವೂ ಬಂದಿರಲಿಲ್ಲ. ಅವಳು ಮಂಡಕ್ಕಿ ಹುರಿಯುತ್ತಿದ್ದಾಗ ಅವಳ ರಕ್ತ ಒಳಗೆ ಮಗುವಿನ ರಕ್ತವನ್ನು ಒಡೆಯುತ್ತಿತ್ತು.

ಮಾವ ಕುರ್ಚಿಯಿಂದ ಮುಂದಕ್ಕೆ ಬಾಗಿದ.

"ನಮ್ಮ ರೊಪ್ಪದ ನಾಯಿ ಇದ್ದಂಗೆ ಅನ್ನಿ," ಎಂದ. ಕುರಿ ಕೂಡುವ ಬೇಲಿಗೆ ಅವರು ರೊಪ್ಪ ಎನ್ನುತ್ತಾರೆ. "ಹೊಸಬ ಬಂದ್ರೆ ಮೊದಲ್ನೇ ಸಲ ಮೂಸಿ ನೋಡ್ತೈತೆ, ತಡವಾಗಿ ಬೊಗಳ್ತೈತೆ. ಎರಡ್ನೇ ಸಲ ಅವ್ನು ದೂರ ಇದ್ದಂಗೇ ಬಿದ್ದುಬಿಡ್ತೈತೆ. ಅವ್ನು ನಮ್ಮ ನೆಂಟನೋ ಕಳ್ಳನೋ ಅದಕ್ಕೇನು ಗೊತ್ತು."

ಹೌದು, ಹಾಗೇ ಎಂದರು ಡಾಕ್ಟರಮ್ಮ. ಮತ್ತೆ ಆ ಇಂಜೆಕ್ಷನ್ ಏನು ಮಾಡುತ್ತಿತ್ತು ಎಂದು ನಾನು ಕೇಳಿದೆ. ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಆಯುಧ ಅದು, ಬೆರೆತ ಕಣಗಳನ್ನು ತಾಯಿಯ ಕಾವಲು ಗುರುತಿಸುವ ಮುಂಚೆಯೇ ತೆಗೆದುಹಾಕಿಬಿಡುತ್ತದೆ ಎಂದರು. ಮಾವ ಅದನ್ನೂ ತನ್ನ ಲೆಕ್ಕಕ್ಕೆ ತಂದುಕೊಂಡ: ನಾಯಿ ಮೂಸುವ ಮುಂಚೆಯೇ ವಾಸನೆ ತೊಳೆಯುವುದು. ಮೂಸಿದ ಮೇಲೆ ತೊಳೆದರೆ ಉಪಯೋಗವಿಲ್ಲ. ಅದಕ್ಕೇ ಮೂರು ದಿನ.

ಆಮೇಲೆ ಅವನು ತನ್ನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಹೊರಗೆ ಹೋದ.

ಹೊಟ್ಟೆಯೊಳಗಿನ ಮಗುವಿಗೇ ರಕ್ತ ಕೊಡುವವರು ಬೆಂಗಳೂರಿನಲ್ಲಿದ್ದಾರೆ ಎಂದು ಅಲ್ಲಿಗೆ ಫೋನು ಮಾಡಿದರು. ಬೆಳಿಗ್ಗೆ ಹೊರಡುವುದೆಂದಾಯಿತು. ಹೊರಡುವ ಮುಂಚೆ ಒಮ್ಮೆ ಎದೆಬಡಿತ ನೋಡಿದರು. ಇರಲಿಲ್ಲ.

ಗಂಡು ಕೂಸು. ಸೊಕ್ಕೆಯಲ್ಲಿ ಮಾವನ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದೆವು. ಹೆಂಡತಿಯನ್ನು ಕರೆದುಕೊಂಡು ಹೋಗಲಿಲ್ಲ, ಅವಳು ಬರುವ ಸ್ಥಿತಿಯಲ್ಲೂ ಇರಲಿಲ್ಲ.

ಎರಡನೇ ಬಸಿರಿನಲ್ಲಿ ಕಾರ್ಡಿನ ಮೇಲಿದ್ದ ಅವಳ ರಕ್ತದ ಗುಂಪನ್ನು ಪ್ರತಿ ತಿಂಗಳೂ ಯಾರಾದರೊಬ್ಬರು ಓದಿದ್ದರು. ಹೆಸರು ಓದುವ ಹಾಗೆ ಓದಿ ಮುಂದೆ ಹೋಗಿದ್ದರು. ತಾಯಿಯ ರಕ್ತದಲ್ಲಿ ಆ ಆಯುಧ ಇದೆಯೇ ಎಂದು ನೋಡುವ ಪರೀಕ್ಷೆ ಒಂದಿದೆ ಎನ್ನುವುದೇ ನನಗೆ ಮಗು ಹೋದ ಮೇಲೆ ತಿಳಿಯಿತು. ನನಗೆ ತಿಳಿಯದಿದ್ದುದು ದೊಡ್ಡದಲ್ಲ. ನಾನು ಡ್ರೈವರು.

ಮನೆಗೆ ಬಂದವರು ಒಬ್ಬೊಬ್ಬರು ಒಂದೊಂದು ಮಾತು ಆಡಿದರು. ಹೆಣ್ಣಿನ ರಕ್ತವೇ ಸರಿ ಇಲ್ಲವಂತೆ ಎಂದರು, ಅವಳಿಗೆ ಕೇಳುವ ಹಾಗೆ. ನೆಗೆಟಿವ್ ಎಂದರೆ ಏನೋ ಒಂದು ಕಮ್ಮಿ ಎಂದು ಅವರ ಲೆಕ್ಕ. ನನ್ನ ದೊಡ್ಡಮ್ಮ ಒಬ್ಬಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮೊದ್ಲು ಹುಟ್ಟಿದ್ದು ಹಿಂದೆ ಬಂದಿದ್ದನ್ನ ನುಂಗೈತೆ ನೋಡು, ಇದರ ಕಾಲ್ಗುಣ" ಎಂದಳು. ನಾನು ಮಗಳನ್ನು ಎತ್ತಿಕೊಂಡೆ. ದೊಡ್ಡಮ್ಮನಿಗೆ ಬಸ್ಸಿನ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ. ಅವಳು ಈಗ ನಮ್ಮ ಮನೆಗೆ ಬರುವುದಿಲ್ಲ, ಬರುವುದೂ ಬೇಡ. ಮಗಳಿಗೆ ಯಾರೂ ಯಾವತ್ತೂ ಇದನ್ನು ಹೇಳಕೂಡದು. ಅವಳು ಹುಟ್ಟಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

ನಾನು ಜಗಳದ ಮನುಷ್ಯನಲ್ಲ. ಇಷ್ಟಾದರೂ ಯಾರ ಮೇಲೆ ಕೂಗಬೇಕು ಎಂದು ತಿಳಿಯಲಿಲ್ಲ. ಆ ಮಾತು ಹೇಳಿದವರು ಯಾರು ಎಂದು ಹೆಂಡತಿಗೆ ನೆನಪಿಲ್ಲ. ಮಾತು ಮಾತ್ರ ನೆನಪಿದೆ. ಅನುಕೂಲ ಆದಾಗ.

ಮತ್ತೆ ಕೆಲಸಕ್ಕೆ ಹೋದೆ. ಬಾಣಂತಿಯರನ್ನು ಬಿಡುವ ಗಾಡಿಯನ್ನೇ ಓಡಿಸಬೇಕಿತ್ತು, ನನಗೆ ಬರುವುದು ಅದೊಂದೇ. ಆಸ್ಪತ್ರೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮನೆಯಲ್ಲಿ ತೊಂದರೆ ಇತ್ತು ಎಂದಷ್ಟೇ ಹೇಳಿದೆ. ಹಿಂದಿನ ಸೀಟಿನಲ್ಲಿ ಕೂಸು ಅತ್ತರೆ ರೇಡಿಯೊ ಹಾಕುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಚನ್ನಗಿರಿ ಕಡೆಯ ಒಂದು ಹಳ್ಳಿಗೆ ಬಾಣಂತಿಯನ್ನು ಬಿಡುವುದಿತ್ತು. ಚೊಚ್ಚಲು, ಹೆರಿಗೆಯಾಗಿ ಎರಡು ದಿನ. ಹುಡುಗಿ ಇಪ್ಪತ್ತರ ಒಳಗೇ ಇರಬೇಕು. ಜೊತೆಯಲ್ಲಿ ಅವಳ ಅಮ್ಮ, ಅಜ್ಜಿ, ಮೂರು ಚೀಲ, ಒಂದು ಫ್ಲಾಸ್ಕ್. ಅಜ್ಜಿ ಮೊದಲೇ ಬಂದು ಮುಂದಿನ ಸೀಟು ಹಿಡಿದಿದ್ದಳು. ನಾನು ಚೀಲ ಇಡುತ್ತಿದ್ದಾಗ ವಾರ್ಡಿನ ಸಿಸ್ಟರು ಹುಡುಗಿಯ ಅಮ್ಮನಿಗೆ ಬಾಗಿಲಿಂದಲೇ ಕೂಗಿ ಹೇಳಿದರು: ಕೂಸಿಂದು ಪಾಸಿಟಿವ್ ಬಂದೈತೆ, ಒಂದು ಇಂಜೆಕ್ಷನ್ ಹಾಕಬೇಕಿತ್ತು, ಸ್ಟಾಕ್ ಇಲ್ಲ, ಸೋಮವಾರ ಬರ್ರಿ.

ಸೋಮವಾರ ಆಗಲ್ಲ, ನಾಳೆ ಅಮಾಸೆ, ಆಮೇಲೆ ಪುರುಡು ಇರುತ್ತದೆ ಎಂದಳು ಹುಡುಗಿಯ ಅಮ್ಮ.

"ಆತು, ಅನುಕೂಲ ಆದಾಗ ಬರ್ರಿ ಹಂಗಾದ್ರೆ," ಎಂದರು ಸಿಸ್ಟರು.

ನಾನು ಚೀಲ ಕೆಳಗಿಟ್ಟೆ. ಡ್ರೈವರ್ ಸೀಟಿಗೆ ಹೋಗಿ ಕೂತೆ. ಕೀ ತಿರುಗಿಸಲಿಲ್ಲ. ಕೈ ಅದರ ಮೇಲೇ ಇತ್ತು. ಹುಡುಗಿ ಹಿಂದೆ ಹತ್ತಿ ಕೂತಳು, ಬಾಗಿಲು ಹಾಕಿದ ಸದ್ದಾಯಿತು. ಕೂಸಿನ ಟೋಪಿ ಸರಿಮಾಡುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಏನಪ್ಪಾ," ಎಂದಳು ಅಜ್ಜಿ. "ಗಾಡೀಗೆ ಡೀಸಲ್ ಇಲ್ವೋ, ನಿನಗೆ ಮನಸಿಲ್ವೋ?"

ನಾನು ಕೀ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಇಳಿದು ವಾರ್ಡಿಗೆ ಹೋದೆ. ಈ ಹುಡುಗಿಗೆ ಇಂಜೆಕ್ಷನ್ ಹಾಕುವವರೆಗೆ ಗಾಡಿ ತೆಗೆಯುವುದಿಲ್ಲ ಎಂದೆ. ಸಿಸ್ಟರಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಆ ಹುಡುಗಿಯ ಮಂಚಕ್ಕೆ ಆಗಲೇ ಇನ್ನೊಬ್ಬಳನ್ನು ಮಲಗಿಸಿಯಾಗಿತ್ತು, ಇನ್ನಿಬ್ಬರು ನೆಲದ ಮೇಲಿದ್ದರು. ರಾತ್ರಿಪಾಳಿ ಮುಗಿದರೂ ಸಿಸ್ಟರನ್ನು ಬಿಡಿಸಲು ಯಾರೂ ಬಂದಿರಲಿಲ್ಲ. ಅವರ ಕಣ್ಣುಗಳು ಕೆಂಪಗಿದ್ದವು. ಅದೆಲ್ಲ ನನಗೆ ಕಾಣುತ್ತಿತ್ತು. ಕಂಡರೂ ಸಿಟ್ಟು ಇಳಿಯಲಿಲ್ಲ.

"ಮೂರು ದಿನದ ಒಳಗೆ ಅಂತ ನನಗೆ ಗೊತ್ತಿಲ್ವಾ? ಇಲ್ದಿದ್ದನ್ನ ಎಲ್ಲಿಂದ ತಂದು ಚುಚ್ಚಲಿ? ನೀನೇನು ಡಾಕ್ಟರಾ?"

"ಅಲ್ಲ ಮೇಡಂ, ಡ್ರೈವರು. ಅದಕ್ಕೇ ಗಾಡಿ ತೆಗಿಯಲ್ಲ ಅಂತಿದೀನಿ. ನನ್ನ ಕೈಯಾಗೆ ಇರೋದು ಅದೊಂದೇ."

ಗೊತ್ತಿದ್ದೂ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ತಿಳಿಯುತ್ತಾ ಅವರಿಗೆ ಎಂದರು. ಈ ಮಾತು ನನ್ನನ್ನು ಇನ್ನಷ್ಟು ಸುಟ್ಟಿತು. ಕುರಿ ಕಾಯುವ ನನ್ನ ಮಾವನಿಗೆ ಒಂದೇ ಸಲಕ್ಕೆ ತಿಳಿದಿತ್ತು. ತಿಳಿಯುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದವರು ಹೇಳುವುದೇ ಇಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಅಷ್ಟರಲ್ಲಿ ಹುಡುಗಿಯ ಅಮ್ಮ, ಅಜ್ಜಿ ಇಬ್ಬರೂ ಒಳಗೆ ಬಂದಿದ್ದರು. ಮಗಳನ್ನು ಗಾಡಿಯಲ್ಲಿ ಕೂರಿಸಿ ಇವನೇನು ಪಂಚಾಯಿತಿ ಮಾಡುತ್ತಿದ್ದಾನೆ ಎಂದು ಅಮ್ಮ ಕೇಳಿದಳು. ಹೊತ್ತು ಏರಿದರೆ ಬಿಸಿಲು, ಇಳಿದರೆ ಅಮಾಸೆ ಗಾಳಿ, ನಿನಗೆ ಹೆಂಡತಿ ಮಕ್ಕಳಿಲ್ಲವೇ ಎಂದಳು ಅಜ್ಜಿ.

ವಾರ್ಡಿನ ಆ ಜಗುಲಿಯಲ್ಲಿ ಹತ್ತು ಹದಿನೈದು ಜನ ಇದ್ದರು. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಬರುತ್ತದೆ ಎಂದೂ ಅಂದುಕೊಂಡಿರಲಿಲ್ಲ.

"ಅದಾರೆ ಅಜ್ಜಿ," ಎಂದೆ. "ಹೆಂಡ್ತಿ ಅದಾಳೆ. ಮಗಳು ಅದಾಳೆ. ಎರಡ್ನೇ ಕೂಸು ಈ ಇಂಜೆಕ್ಷನ್ ಇಲ್ದೆ ಹೋತು. ಹೊಟ್ಟೆಯಾಗೇ. ಮೊದಲ್ನೇ ಹೆರಿಗೆಯಾಗೆ ನಮ್ಮ ಅತ್ತೆ ಮನೆಯೋರಿಗೂ ನಾಳೆ ಅಮಾಸೆ ಇತ್ತು. ಅವ್ರಿಗೂ ಅನುಕೂಲ ಆದಾಗ ಬರ್ರಿ ಅಂದಿದ್ರು."

ಆಮೇಲೆ ನಿಂತಲ್ಲೇ ಎಲ್ಲ ಹೇಳಿದೆ. ಮಾವ ಹೇಳಿದ ನಾಯಿಯ ಮಾತನ್ನೇ ಹೇಳಿದೆ. ಈ ಹುಡುಗಿಯ ಈ ಕೂಸಿಗೆ ಏನೂ ಆಗುವುದಿಲ್ಲ, ಇದು ಬೆಳೆಯುತ್ತದೆ, ಆಡುತ್ತದೆ. ಮುಂದಿನದನ್ನು ಇವಳ ಮೈಯೇ ಬಿಡುವುದಿಲ್ಲ. ನಾಯಿ ಈಗ ಮೂಸುತ್ತಿದೆ. ನಾಳೆ ಹೊತ್ತು ಮುಳುಗಿದರೆ ಮುಗಿಯಿತು. ನನ್ನ ದನಿ ಜೋರಾಗಿತ್ತು ಎಂದು ಆಮೇಲೆ ಸಿಸ್ಟರು ಹೇಳಿದರು. ನನಗೆ ಗೊತ್ತಾಗಲಿಲ್ಲ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಗಂಡೋ ಹೆಣ್ಣೋ?"

"ಗಂಡು."

"ಹೆಸರಿಟ್ಟಿದ್ರಾ?"

"ಇಲ್ಲ."

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗಳ ಕಡೆ ತಿರುಗಿ, "ಚೀಲ ಇಳಿಸೇ," ಎಂದಳು. "ಅಮಾಸೆ ಇಲ್ಲೇ ಕಳೀಲಿ. ಅಮಾಸೆ ತಿಂಗಳಾ ಬರ್ತೈತೆ."

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗದ್ದಲ ಕೇಳಿ ಹೊರಗೆ ಬಂದು ಬಾಗಿಲ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹುಡುಗಿಯ ರಕ್ತ ತೆಗೆಸಿ, ಅವಳಲ್ಲಿ ಆಗಲೇ ಆ ಆಯುಧ ಇದೆಯೇ ನೋಡಲು ಲ್ಯಾಬಿಗೆ ಕಳಿಸಿದರು. ಇದ್ದರೆ ಇಂಜೆಕ್ಷನ್ ತಂದೂ ವ್ಯರ್ಥ. ಇರಲಿಲ್ಲ. ಆಮೇಲೆ ಫೋನು ಹಿಡಿದು ಕೂತರು. ಹೊನ್ನಾಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಒಂದೇ ಒಂದು ಸೀಸೆ ಇದೆ ಎಂದು ತಿಳಿಯಿತು. "ಗಾಡಿ ತಗೊಂಡು ಹೋಗ್ರಿ. ಯಾರಾದ್ರೂ ಕೇಳಿದ್ರೆ ನಾನೇ ಕಳಿಸಿದ್ದು ಅನ್ರಿ," ಎಂದರು. ಸಿಸ್ಟರು ತಾವು ಮಲಗುವ ಕೋಣೆಯ ಮಂಚಕ್ಕೆ ಬೇರೆ ಬೆಡ್‌ಶೀಟ್ ಹಾಸಿ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಆಮೇಲೆ ಲಸಿಕೆ ಒಯ್ಯುವ ನೀಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಆ ಮದ್ದು ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಬಿಸಿಯಾದರೆ ನಿಧಾನವಾಗಿ ಕೆಡುತ್ತದೆ, ಹೆಪ್ಪುಗಟ್ಟಿದರೆ ಅಲ್ಲಿಗೇ ಕೆಡುತ್ತದೆ, ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಐಸಿನ ಚೀಲಗಳನ್ನು ಫ್ರೀಜರಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕಬಾರದು. ಅವು ಹೊರಗಿದ್ದು ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರಬೇಕು. ಇದನ್ನು ಸಿಸ್ಟರು ಎರಡು ಸಲ ಹೇಳಿದರು. ಎರಡನೇ ಸಲ ದನಿ ಮೆತ್ತಗಾಗಿತ್ತು.

ಹೊನ್ನಾಳಿ ಕಡೆಯ ಆಸ್ಪತ್ರೆಯ ನರ್ಸು ಫ್ರಿಜ್ ತೆಗೆದು ಸೀಸೆಯನ್ನು ನನ್ನ ಮುಂದೆ ಇಟ್ಟರು. ಹೆಬ್ಬೆರಳಿನಷ್ಟು ಎತ್ತರ. ಇಷ್ಟೇನಾ ಎನಿಸಿತು. ಇಷ್ಟು ಸಣ್ಣದಕ್ಕೆ. ನಾನು ಕೈ ಚಾಚುವ ಮುಂಚೆ ಅವರೆಂದರು:

"ಒಯ್ರಿ ಅಂದ್ರೆ ಒಯ್ತೀರಿ. ಆದ್ರೆ ಒಳಗೆ ಒಬ್ಬಾಕೆಗೆ ಈಗ ನೋವು ಶುರುವಾಗೈತೆ. ಆಕೇನೂ ನೆಗೆಟಿವ್ವೇ. ಈಗಷ್ಟೇ ಬಂದ್ಲು. ನೀವೇ ಹೇಳ್ರಿ ಏನ್ ಮಾಡಾಕೆ ಬರ್ತೈತೆ."

ಲೇಬರ್ ರೂಮಿನ ಹೊರಗೆ ಒಬ್ಬ ಗಂಡಸು ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಹೆಂಗಸಿನ ಚಪ್ಪಲಿ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ಅವನನ್ನು ನೋಡಿದೆ, ಸೀಸೆಯನ್ನು ನೋಡಿದೆ, ವಾಪಸು ಇಡ್ರಿ ಎಂದೆ. ಹೊರಗೆ ಬಂದು ಗಾಡಿಯ ಬಾಗಿಲಿಗೆ ಒದ್ದೆ. ಆ ನಜ್ಜು ಈಗಲೂ ಇದೆ.

ಡಾಕ್ಟರಿಗೆ ಫೋನು ಮಾಡಿದೆ. ಅವರು ಮತ್ತೆ ಹತ್ತಾರು ಕಡೆ ಕೇಳಿ ವಾಪಸು ಮಾಡಿದರು. ಒಂದು ಕಡೆ ಇದೆಯಂತೆ, ದೂರವಾಗುತ್ತದೆ, ಜಗಳೂರಿನ ಕಡೆ ಎಂದು ಆಸ್ಪತ್ರೆಯ ಹೆಸರು ಹೇಳಿದರು.

ನನ್ನ ಮಗಳು ಹುಟ್ಟಿದ ಆಸ್ಪತ್ರೆ.

ಗಾಡಿ ತಿರುಗಿಸಿದೆ. ದಾವಣಗೆರೆ ದಾಟಿದ ಮೇಲೆ ಗದ್ದೆ ಮುಗಿದು ಕೆಂಪು ನೆಲ, ಮೆಕ್ಕೆಜೋಳದ ಕೂಳೆ, ಬಿಸಿಲು. ಈ ಗಾಡಿಯನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಓಡಿಸಿರಲಿಲ್ಲ. ಹಿಂದೆ ಯಾರೂ ಇರಲಿಲ್ಲ, ಗುಂಡಿಗಳನ್ನು ತಪ್ಪಿಸುವ ಅಗತ್ಯವಿರಲಿಲ್ಲ. ಸೊಕ್ಕೆಯ ದಾರಿಯ ಫಲಕ ಬಂತು. ಆ ಬದು ನೆನಪಾಯಿತು. ತಿರುಗಲಿಲ್ಲ.

ಔಷಧಿ ಕೋಣೆಯಲ್ಲಿದ್ದವನು ನನ್ನ ವಯಸ್ಸಿನವನೇ. ಒಳ್ಳೆಯ ರೀತಿಯಲ್ಲೇ ಮಾತಾಡಿದ. ಫೋನು ಬಂದಿತ್ತು, ಕೂರ್ರಿ, ಚಾ ಕುಡೀತೀರಾ ಎಂದ. ಕೀಲಿ ತೆಗೆದು ಫ್ರಿಜ್ ತೆರೆದ. ಮೇಲಿನ ಸಾಲಿನಲ್ಲಿ ಅವು ಇದ್ದವು. ಒಂದಲ್ಲ, ಒಂದು ಸಾಲು. ಹಿಂದಿನವುಗಳ ಪೆಟ್ಟಿಗೆಯ ಮೇಲೆ ತಂಪಿನ ನೀರು ಬಿದ್ದು ಕಾಗದ ಉಬ್ಬಿತ್ತು.

ಇವು ಈಗ ಬಂದವಾ ಎಂದು ಕೇಳಿದೆ.

"ಇಲ್ಲ ರೀ, ಯಾವಾಗ್ಲೂ ಇರ್ತಾವೆ. ಇದೇನು ದಿನಾ ಖರ್ಚಾಗೋ ಮಾಲಲ್ಲ. ಕೀಲಿ ಇರೋರು ಒಂದೊಂದ್ಸಲ ಇರಲ್ಲ, ಅಷ್ಟೇ. ಆವಾಗ ವಾರ್ಡಿನೋರು ಸ್ಟಾಕ್ ಇಲ್ಲ ಅಂತ ಹೇಳಿ ಕಳಿಸ್ತಾರೆ. ಅವ್ರು ತಾನೆ ಏನ್ ಮಾಡ್ತಾರೆ."

ನಾಲ್ಕೈದು ವರ್ಷದ ಹಿಂದೆಯೂ ಹೀಗೆಯೇ ಇತ್ತೇ ಎಂದು ಕೇಳಿದೆ. ತಾನು ಬಂದು ಎರಡು ವರ್ಷವಾಯಿತು, ಹಿಂದಿನವರದು ತನಗೆ ಗೊತ್ತಿಲ್ಲ, ಹೀಗೇ ಇದ್ದಿರಬೇಕು ಎಂದ. ಯಾಕೆ ಎಂದು ನನ್ನನ್ನು ಕೇಳಿದ. ಸುಮ್ಮನೆ ಎಂದೆ.

ನನ್ನ ಐಸಿನ ಚೀಲಗಳು ದಾರಿಯಲ್ಲಿ ಕರಗಿದ್ದವು. ಅವನು ಹೊಸವನ್ನು ಫ್ರೀಜರಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಅವು ಬೆವರುವವರೆಗೆ ಕಾಯಬೇಕಿತ್ತು. ಅವನು ಚಾ ತರಲು ಹೋದ. ನಾನು ಆ ಕೋಣೆಯಲ್ಲಿ ಒಬ್ಬನೇ ನಿಂತಿದ್ದೆ. ಕಿಟಕಿಯಿಂದ ಎದುರಿಗೇ ಹೆರಿಗೆ ವಾರ್ಡು ಕಾಣುತ್ತಿತ್ತು. ಅಲ್ಲಿಂದ ಈ ಫ್ರಿಜ್ಜಿಗೆ ಅಂಗಳ ದಾಟಿದರೆ ಸಾಕು. ಆ ಅಮಾವಾಸ್ಯೆಯ ಹಿಂದಿನ ದಿನ ಮದ್ದು ಇಲ್ಲಿ ಇತ್ತೋ ಇಲ್ಲವೋ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಇರಲಿಲ್ಲ ಎಂದು ಅವನು ಹೇಳಿದ್ದರೆ ಹೇಗೋ ಸಹಿಸಬಹುದಿತ್ತು. ಇದ್ದಿರಬೇಕು ಎಂದ. ಆ ಫ್ರಿಜ್ಜನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಎನಿಸಿತು. ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದವನ ಕೊರಳಪಟ್ಟಿ ಹಿಡಿಯಬೇಕು ಎನಿಸಿತು. ಅವನು ಯಾರು, ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ. ಅವನ ಊರಲ್ಲಿ ಹಬ್ಬವಿತ್ತೇನೋ, ಮಗಳಿಗೆ ಹುಷಾರಿರಲಿಲ್ಲವೇನೋ. ನನ್ನ ಸಿಟ್ಟಿಗೆ ಒಂದು ಮುಖವೂ ಸಿಗಲಿಲ್ಲ. ಐಸಿನ ಚೀಲಗಳ ಮೇಲೆ ಹನಿ ಮೂಡುತ್ತಿತ್ತು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡಿದೆ. ನೀರಿನ ಸದ್ದು ಬರುವವರೆಗೆ ಕುಲುಕಿದೆ.

ಚಾ ಕುಡಿಯಲಿಲ್ಲ. ಸೀಸೆಯನ್ನು ಹತ್ತಿಯಲ್ಲಿ ಸುತ್ತಿ, ಐಸಿಗೆ ತಾಗದ ಹಾಗೆ ನಡುವೆ ಇಟ್ಟು, ಡಬ್ಬಿಯನ್ನು ಮುಂದಿನ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದೆ. ಹೊರಡುವಾಗ ಅವನಿಗೆ ಒಂದೇ ಮಾತು ಹೇಳಿದೆ: ನೀವು ಇಲ್ಲದಾಗ ಕೀಲಿ ವಾರ್ಡಿನಲ್ಲಿ ಇರಲಿ. ಅದಕ್ಕೆ ನಿಯಮ ಇಲ್ಲ ಎಂದ.

ವಾಪಸು ಬರುವಾಗ ನಿಧಾನವಾಗಿ ಬಂದೆ. ಗುಂಡಿಗಳನ್ನು ತಪ್ಪಿಸಿ ಬಂದೆ.

ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆ. ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು, ನನ್ನ ಕೈಯ ಡಬ್ಬಿ ನೋಡಿ ಎದ್ದು ದಾರಿ ಬಿಟ್ಟಳು. ಡಾಕ್ಟರು ಸೀಸೆಯ ಹೆಸರು ಓದಿ, ಬೆಳಕಿಗೆ ಹಿಡಿದು, ಹುಡುಗಿಯ ತೋಳಿಗೆ ಕೊಟ್ಟರು. ಕೊಡುವ ಮುಂಚೆ ಯಾಕೆ ಕೊಡುತ್ತಿದ್ದೇನೆ ಎಂದು ಅವಳಿಗೇ ಹೇಳಿದರು, ಅವಳ ಅಮ್ಮನಿಗಲ್ಲ. ಹುಡುಗಿ ಪೂರ್ತಿ ಕೇಳಿಸಿಕೊಂಡು, ಮುಂದಿನ ಸಲವೂ ಇದು ಬೇಕಾ ಎಂದು ಕೇಳಿದಳು. ಬೇಕು, ಪ್ರತಿ ಸಲವೂ, ಬಸಿರು ಇಳಿದರೂ ಬೇಕು ಎಂದರು. ಸಿಸ್ಟರು ಪಕ್ಕದಲ್ಲಿ ನಿಂತಿದ್ದರು. ಆಮೇಲೆ ನನ್ನನ್ನು ಹೊರಗೆ ಕರೆದು, "ನಿಮ್ಮ ಮನೆಯೋರು ಈಗ ಹೆಂಗೆ ಅದಾರೆ?" ಎಂದು ಕೇಳಿದರು. ಮೊದಲ ಸಲ ಬಹುವಚನ ಹಾಕಿದ್ದರು. ನಾನು ನೀಲಿ ಡಬ್ಬಿಯನ್ನು ಅವರ ಕೈಗೆ ವಾಪಸು ಕೊಟ್ಟೆ. ಕ್ಷಮಿಸುವಷ್ಟು ಒಳ್ಳೆಯವನು ನಾನಲ್ಲ. ಬೆಳಿಗ್ಗೆ ನಾನು ಆ ಚೀಲ ಇಡುತ್ತಾ ಇಲ್ಲದಿದ್ದರೆ ಆ ಹುಡುಗಿ ಆಗಲೇ ಮನೆ ಸೇರಿರುತ್ತಿದ್ದಳು.

ಅಮಾವಾಸ್ಯೆ ಕಳೆದ ಮರುದಿನ ಅವರನ್ನು ಊರಿಗೆ ಬಿಟ್ಟೆ. ಆರತಿಯ ನೀರು ಟೈರಿಗೆ ಚೆಲ್ಲಲು ಬಂದವರನ್ನು ಅಜ್ಜಿ ತಡೆದು, ತಾನೇ ಚೆಲ್ಲಿದಳು.

ಈಗ ನಮ್ಮ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಎರಡು ಸೀಸೆ ಇರುತ್ತವೆ, ಕೀಲಿ ವಾರ್ಡಿನ ಮೊಳೆಗೆ ನೇತಾಡುತ್ತದೆ. ಬೇರೆ ಕಡೆಯದು ನನಗೆ ಗೊತ್ತಿಲ್ಲ. ಗಾಡಿಗೆ ಹತ್ತುವ ಪ್ರತಿ ಬಾಣಂತಿಯನ್ನೂ ಗುಂಪು ಯಾವುದು ಎಂದು ಕೇಳುತ್ತೇನೆ. ಕೆಲವರು ಜಾತಿ ಕೇಳಿದೆ ಎಂದುಕೊಂಡು ಮುಖ ತಿರುಗಿಸುತ್ತಾರೆ. ಮತ್ತೆ ಕೇಳುತ್ತೇನೆ.

ಹೆಂಡತಿಗೆ ಮೊನ್ನೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಆಯುಧ ಇನ್ನೂ ಇದೆ, ಕಡಿಮೆಯಾಗಿದೆಯಾದರೂ ಇದೆ, ಯಾವತ್ತೂ ಹೋಗುವುದಿಲ್ಲ ಎಂದರು. ಅವಳ ಮೈಗೆ ಅವನ ಗುರುತು ಚೆನ್ನಾಗಿ ನೆನಪಿದೆ. ಸೊಕ್ಕೆಯ ಬದುವಿನ ಹತ್ತಿರ ಹೋದಾಗ ಮಗಳು, ತಮ್ಮನನ್ನು ಏನಂತ ಕರೆಯಬೇಕು ಎಂದು ಕೇಳಿದಳು. ಹೆಸರಿಡುವ ಶಾಸ್ತ್ರ ಉಸಿರಾಡಿದ ಕೂಸುಗಳಿಗೆ ಮಾತ್ರ. ಅವನಿಗೆ ಹೆಸರಿಲ್ಲ.